ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ರಿಸ್‌ಮಸ್‌ನ ಕೊಡುಗೆ

ಪ್ರಶ್ನೆ: ನಮ್ಮ ಪಕ್ಕದ ಮನೆಯಲ್ಲಿ ಮಂಗಳೂರಿನ ಕ್ಯಾಥೊಲಿಕ್ ಕುಟುಂಬವಿದೆ. ಕಳೆದ ಕ್ರಿಸ್‌ಮಸ್‌ಗೆ ಅವರು ದೊಡ್ಡ ತಟ್ಟೆಯ ತುಂಬ ತಿಂಡಿಗಳನ್ನು ಕೊಟ್ಟರು. ನಾವು ಮೊಟ್ಟೆ ತಿನ್ನುವವರಲ್ಲ. ಅದನ್ನು ಹೇಳಲು ಸಂಕೋಚವಾಗಿ ಎಲ್ಲವನ್ನೂ ಮನೆಗೆಲಸದವರಿಗೆ ಕೊಟ್ಟುಬಿಟ್ಟೆವು. ಈ ಸಲ ಏನು ಮಾಡಬೇಕು? ಪ್ರತಿಯಾಗಿ ನಾವು ಏನು ಕೊಡಬೇಕು?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮಗೆ ಬಂದದ್ದು ಕುಸ್ವಾರ್. ಮಂಗಳೂರು ಕಡೆಯ ಕೊಂಕಣಿ ಕ್ಯಾಥೊಲಿಕರು ಕ್ರಿಸ್‌ಮಸ್‌ಗೆ ಮಾಡುವ ಬಗೆಬಗೆಯ ತಿಂಡಿಗಳನ್ನು ಒಟ್ಟಾಗಿ ಹಾಗೆ ಕರೆಯುತ್ತಾರೆ. ಎಳ್ಳು, ಕೊಬ್ಬರಿ ತುಂಬಿ ಕರಿದ ನೆವ್ರಿ, ಫೋರ್ಕಿನ ಮೇಲೋ ಹೊಸ ಬಾಚಣಿಗೆಯ ಮೇಲೋ ಒಂದೊಂದಾಗಿ ಸುರುಳಿ ಸುತ್ತಿ ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸುವ ಕಿಡಿಯೊ, ಅಕ್ಕಿಹಿಟ್ಟಿನ ಪುಟ್ಟ ಉಂಡೆಗಳಾದ ಗುಳಿಯೊ, ಎಳ್ಳುಂಡೆ, ಚಕ್ಕುಲಿ, ಗುಲಾಬಿ ಹೂವಿನ ಅಚ್ಚಿನಲ್ಲಿ ತೆಗೆಯುವ ಕೊಕ್ಕಿಸಾಂ, ಕೊನೆಗೆ ಪ್ಲಮ್ ಕೇಕ್ ಇವೆಲ್ಲ ಆ ತಟ್ಟೆಯಲ್ಲಿರುತ್ತವೆ. ನೆವ್ರಿಯನ್ನು ನೀವು ಬಿಟ್ಟುಕೊಟ್ಟದ್ದು ನಷ್ಟವೇ ಸರಿ, ಏಕೆಂದರೆ ಅದು ನಮ್ಮ ಕರ್ಜಿಕಾಯಿಯ ತಂಗಿ. ಮೊಟ್ಟೆ ಸಾಮಾನ್ಯವಾಗಿ ಇರುವುದು ಕೇಕಿನಲ್ಲಿ ಮತ್ತು ಕೊಕ್ಕಿಸಾಂನಲ್ಲಿ. ಕೇಕಿನ ಒಣಹಣ್ಣುಗಳನ್ನು ರಮ್ಮಿನಲ್ಲಿ ನೆನೆಸುವ ಮನೆಗಳೂ ಉಂಟು. ಮನೆಮಂದಿಯೆಲ್ಲ ಕುಳಿತು ಮಾಡಿದ ಈ ತಿಂಡಿಯಲ್ಲಿ ನೆರೆಯವರ ಪಾಲು ಮೊದಲಿನಿಂದಲೇ ಲೆಕ್ಕಕ್ಕೆ ಸೇರಿರುತ್ತದೆ. ಆದ್ದರಿಂದ ಡಿಸೆಂಬರ್ ಮಧ್ಯದಲ್ಲಿಯೇ, ಮಾತಿನ ನಡುವೆ, ‘ನಾವು ಮೊಟ್ಟೆ ತಿನ್ನುವುದಿಲ್ಲ, ಆದರೆ ನಿಮ್ಮ ಉಳಿದ ತಿಂಡಿಗಳಿಗೆ ಕಾದಿದ್ದೇವೆ’ ಎಂದು ಹೇಳಿಬಿಡಿ. ಕೊಡುವವರಿಗೆ ಬೇಸರವಾಗುವುದು ಕೊಟ್ಟದ್ದು ಬಳಕೆಯಾಗದೆ ಹೋದಾಗಲೇ ಹೊರತು ಇಂತಹ ಮಾತಿನಿಂದಲ್ಲ.

ಪ್ರತಿಯಾಗಿ ಕೊಡುವ ವಿಷಯದಲ್ಲಿ ಅವಸರ ಬೇಡ. ತಟ್ಟೆಯನ್ನು ಖಾಲಿ ಹಿಂತಿರುಗಿಸಬಾರದೆಂಬ ನಮ್ಮ ಮನೆಗಳ ರೂಢಿಯಂತೆ ಒಂದು ಹಿಡಿ ಸಕ್ಕರೆಯನ್ನೋ ಎರಡು ಹಣ್ಣನ್ನೋ ಇಟ್ಟು ಕಳುಹಿಸಿದರೆ ಸಾಕು. ಮರುದಿನವೇ ಅಂಗಡಿಯಿಂದ ಅಷ್ಟೇ ಬೆಲೆಯ ಸಿಹಿ ತಂದು ಕೊಟ್ಟರೆ ಅದು ಸಾಲ ತೀರಿಸಿದಂತಾಗುತ್ತದೆ. ಕ್ರಿಸ್‌ಮಸ್ ಕಳೆದು ಮೂರು ವಾರಕ್ಕೆ ಸಂಕ್ರಾಂತಿ ಬರುತ್ತದೆ. ಎಳ್ಳು ಬೀರಲು ಹೊರಟಾಗ ಮೊದಲು ಆ ಮನೆಯ ಬಾಗಿಲು ತಟ್ಟಿರಿ.

ಪ್ರಶ್ನೆ: ಕೊಡುವುದರಲ್ಲಿ ಆನಂದವಿದೆ ಎಂಬ ಮಾತನ್ನು ಪ್ರತಿ ಡಿಸೆಂಬರಿನಲ್ಲಿಯೂ ಕೇಳುತ್ತೇನೆ. ಇದಕ್ಕೆ ಆಧಾರವಿದೆಯೇ, ಅಥವಾ ಅಂಗಡಿಯವರು ವ್ಯಾಪಾರಕ್ಕಾಗಿ ಹರಡಿದ ಮಾತೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಅಂಗಡಿಯವರು ಆ ಮಾತನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ ಎಂಬುದು ನಿಜ. ಆದರೆ ಆಧಾರವೂ ಇದೆ. ಎಲಿಜಬೆತ್ ಡನ್, ಲಾರಾ ಆಕ್ನಿನ್ ಮತ್ತು ಮೈಕೆಲ್ ನಾರ್ಟನ್ ಎಂಬ ಸಂಶೋಧಕರು 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಕೆನಡಾದಲ್ಲಿ 46 ಜನರಿಗೆ ಬೆಳಿಗ್ಗೆ 5 ಅಥವಾ 20 ಡಾಲರ್ ಇದ್ದ ಲಕೋಟೆಗಳನ್ನು ಕೊಟ್ಟು, ಕೆಲವರಿಗೆ ಅದನ್ನು ತಮಗಾಗಿಯೂ ಉಳಿದವರಿಗೆ ಮತ್ತೊಬ್ಬರಿಗಾಗಿ ಅಥವಾ ದಾನಕ್ಕಾಗಿಯೂ ಸಂಜೆ 5 ಗಂಟೆಯೊಳಗೆ ಖರ್ಚು ಮಾಡಲು ಹೇಳಿದ್ದರು. ಸಂಜೆ ವಿಚಾರಿಸಿದಾಗ ಇತರರಿಗಾಗಿ ಖರ್ಚು ಮಾಡಿದವರೇ ಹೆಚ್ಚು ಸಂತೋಷದಲ್ಲಿದ್ದರು, ಮತ್ತು ಹಣ 5 ಡಾಲರೋ 20 ಡಾಲರೋ ಎಂಬುದರಿಂದ ಗಣನೀಯ ವ್ಯತ್ಯಾಸವೇನೂ ಆಗಿರಲಿಲ್ಲ. ಇದೇ ಪ್ರಯೋಗವನ್ನು ಬೇರೆಯವರಿಗೆ ವಿವರಿಸಿ ಯಾರು ಹೆಚ್ಚು ಸಂತೋಷಪಟ್ಟಿರಬಹುದು ಎಂದು ಕೇಳಿದಾಗ, ತಮಗಾಗಿ ಖರ್ಚು ಮಾಡಿದವರು ಮತ್ತು 20 ಡಾಲರ್ ಪಡೆದವರು ಎಂದೇ ಹೆಚ್ಚಿನವರು ಊಹಿಸಿದ್ದರು. ನನಗೆ ಇಡೀ ಪ್ರಯೋಗಕ್ಕಿಂತ ಈ ತಪ್ಪು ಊಹೆಯೇ ಹೆಚ್ಚು ಕುತೂಹಲದ್ದಾಗಿ ಕಾಣುತ್ತದೆ.

ಆದರೆ 46 ಜನರ ಒಂದು ಸಂಜೆಯ ಮನಸ್ಥಿತಿಯಿಂದ ಇಡೀ ಬದುಕನ್ನು ಅಳೆಯಲಾಗದು. ಮುಂದಿನ ವರ್ಷಗಳಲ್ಲಿ ಇನ್ನೂ ದೊಡ್ಡ ಗುಂಪುಗಳಲ್ಲಿ ನಡೆದ ಅಧ್ಯಯನಗಳು ಈ ಫಲಿತಾಂಶವನ್ನು ಬಹುಮಟ್ಟಿಗೆ ಬೆಂಬಲಿಸಿದರೂ ಕೆಲವು ಷರತ್ತುಗಳನ್ನು ಸೇರಿಸಿವೆ. ಕೊಡುವುದು ಸ್ವಂತ ಇಚ್ಛೆಯಿಂದ ಆಗಿರಬೇಕು. ಪಡೆಯುವವರೊಂದಿಗೆ ಏನಾದರೂ ಸಂಬಂಧವಿರಬೇಕು. ಕೊಟ್ಟದ್ದು ಏನಾಯಿತೆಂಬುದು ಗೊತ್ತಾಗಬೇಕು. ಸೊಳ್ಳೆಪರದೆಗಾಗಿ ಹಣ ಕೊಟ್ಟವರಿಗೆ ತಮ್ಮ ಹಣದಿಂದ ಯಾವ ವಸ್ತು ಯಾರಿಗೆ ಹೋಗುತ್ತದೆಂಬ ಸ್ಪಷ್ಟತೆ ಇದ್ದಾಗ, ಮಕ್ಕಳ ಒಳಿತಿಗೆಂದು ಸಾಮಾನ್ಯವಾಗಿ ಕೊಟ್ಟಾಗಿನದಕ್ಕಿಂತ ಆ ಸಂತೋಷ ಬಲವಾಗಿ ಕಂಡುಬಂದಿದೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಸಂಘದವರು ಕ್ರಿಸ್‌ಮಸ್ ದಿನ ಸಾಂತಾಕ್ಲಾಸ್ ವೇಷದಲ್ಲಿ ಒಂದು ಅನಾಥಾಶ್ರಮಕ್ಕೆ ಹೋಗಿ ಕೇಕ್ ಮತ್ತು ಆಟಿಕೆಗಳನ್ನು ಹಂಚಿ, ಮಕ್ಕಳೊಂದಿಗೆ ತೆಗೆದ ಫೋಟೊಗಳನ್ನು ಎಲ್ಲೆಡೆ ಹಾಕಲು ನಿರ್ಧರಿಸಿದ್ದಾರೆ. ನನಗೇಕೋ ಇದು ಹಿಡಿಸುತ್ತಿಲ್ಲ. ನಾನು ತಪ್ಪು ತಿಳಿದಿದ್ದೇನೆಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಇಲ್ಲ, ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಸಾಂತಾಕ್ಲಾಸ್‌ನ ಮೂಲಪುರುಷನಾದ ಸಂತ ನಿಕೊಲಾಸ್ 4ನೇ ಶತಮಾನದಲ್ಲಿ ಮೈರಾ ಪಟ್ಟಣದ ಬಿಷಪ್ ಆಗಿದ್ದರು. ಅದು ಈಗಿನ ಟರ್ಕಿಯ ದೆಮ್ರೆ. ಅವರ ಬಗೆಗಿನ ಪ್ರಸಿದ್ಧ ಐತಿಹ್ಯವನ್ನು ನಿಮ್ಮ ಸಂಘದ ಸಭೆಯಲ್ಲಿ ಹೇಳಬಹುದು. ಬಡತನಕ್ಕೆ ಇಳಿದ ತಂದೆಯೊಬ್ಬನಿಗೆ ಮೂವರು ಹೆಣ್ಣುಮಕ್ಕಳಿದ್ದು, ಮದುವೆಗೆ ಹಣವಿಲ್ಲದೆ ಅವರನ್ನು ಮಾರುವ ಸ್ಥಿತಿ ಒದಗಿದಾಗ, ನಿಕೊಲಾಸ್ ರಾತ್ರಿಯ ಹೊತ್ತು ಕಿಟಕಿಯಿಂದ ಚಿನ್ನದ ಗಂಟನ್ನು ಒಳಗೆ ಎಸೆದು ಹೋಗುತ್ತಾರೆ. ಮೂರನೆಯ ಸಲ ತಂದೆ ಕಾದಿದ್ದು ಅವರನ್ನು ಗುರುತಿಸಿದಾಗ, ಇದನ್ನು ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಳ್ಳುತ್ತಾರೆ. ಒಂದು ಕಾಲಕ್ಕೆ ಮಾನವಾಗಿ ಬದುಕಿದ್ದ ಆ ತಂದೆ ಊರಿನ ಮುಂದೆ ತಲೆತಗ್ಗಿಸಬಾರದೆಂಬ ಎಚ್ಚರ ಆ ಗುಟ್ಟಿನಲ್ಲಿದೆ. ಅವರ ವೇಷ ತೊಟ್ಟು ಕ್ಯಾಮೆರಾ ಕೊಂಡೊಯ್ಯುವುದು ತಮಾಷೆಯ ಸಂಗತಿ.

ಕಾನೂನಿನ ತೊಡಕೂ ಇದೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳ ಗುರುತು ಬಯಲಾಗುವಂತೆ ಹೆಸರು, ಚಿತ್ರಗಳನ್ನು ಪ್ರಕಟಿಸುವುದನ್ನು ನಿರ್ಬಂಧಿಸುತ್ತದೆ. ಆದ್ದರಿಂದ ಮಕ್ಕಳ ಫೋಟೊವನ್ನು ಪೂರ್ತಿಯಾಗಿ ಕೈಬಿಡಿ. ಹೋಗುವ ಮೊದಲು ಆಶ್ರಮದ ಮೇಲ್ವಿಚಾರಕರನ್ನು ಕಂಡು ಅಲ್ಲಿ ಯಾವುದರ ಕೊರತೆಯಿದೆ ಎಂದು ಕೇಳಿರಿ. ಹಬ್ಬದ ವಾರದಲ್ಲಿ ಇಂತಹ ಕಡೆ ಕೇಕುಗಳು ರಾಶಿ ಬೀಳುವುದುಂಟು, ಆದರೆ ಜೂನ್ ತಿಂಗಳಲ್ಲಿ ನೋಟ್‌ಬುಕ್, ಶೂಗಳಿಗೆ ಯಾರೂ ಬಂದಿರುವುದಿಲ್ಲ. ಈಗ ಸಂಗ್ರಹಿಸಿದ ಹಣದ ಅರ್ಧವನ್ನು ಶಾಲೆ ಆರಂಭವಾಗುವ ಹೊತ್ತಿಗೆ ಎತ್ತಿಟ್ಟರೆ, ಹೋಗಿ ಕೊಡುವ ನಿಮ್ಮ ಸಂಘದವರಿಗೂ ಆ ಮಕ್ಕಳ ಪರಿಚಯ ಎರಡನೆಯ ಸಲ ಆಗುತ್ತದೆ.

ಪ್ರಶ್ನೆ: ಕಚೇರಿಯಲ್ಲಿ ಚೀಟಿ ಎತ್ತಿ, ಹೆಸರು ಬಂದವರಿಗೆ ಗುಟ್ಟಾಗಿ ಉಡುಗೊರೆ ಕೊಡುವ ‘ಸೀಕ್ರೆಟ್ ಸಾಂತಾ’ ಕಡ್ಡಾಯವಾಗಿದೆ. ಕನಿಷ್ಠ 1000 ರೂಪಾಯಿ ಎಂದು ನಿಗದಿಪಡಿಸಿದ್ದಾರೆ. ಹೊಸದಾಗಿ ಸೇರಿದ ನನಗೆ ಇದು ಭಾರ.
– ಓದುಗರೊಬ್ಬರು, ಮಂಗಳೂರು

ಉತ್ತರ: ಕಡ್ಡಾಯವೆಂದ ಕೂಡಲೇ ಅದು ವಂತಿಗೆಯಾಯಿತು. ನಿಮ್ಮಂತೆ ಇನ್ನೂ ಕೆಲವರಿಗೆ ಇದು ಕಷ್ಟವಾಗಿರುತ್ತದೆ. ಅವರೊಡನೆ ಸೇರಿ, ಕನಿಷ್ಠದ ಬದಲು 200 ರೂಪಾಯಿಯ ಗರಿಷ್ಠ ಮಿತಿಯನ್ನು ಇಡಬೇಕೆಂದೂ ಇಷ್ಟವಿಲ್ಲದವರನ್ನು ಬಿಡಬೇಕೆಂದೂ ಕೇಳಿಕೊಳ್ಳಿ. ನಿಮ್ಮ ಚೀಟಿಯಲ್ಲಿ ಮೇಲಧಿಕಾರಿಯ ಹೆಸರೇ ಬಂದರೂ ಒಳ್ಳೆಯ ಕಾಫಿಪುಡಿಯ ಒಂದು ಪೊಟ್ಟಣ ಸಾಕು.