ವಿಜ್ಞಾನಿಗಳ ಜೊತೆ ಆನ್‌ಲೈನ್ ಮಾತುಕತೆಯಿಂದ ಶಾಲಾ ಮಕ್ಕಳಿಗೆ ನಿಜವಾಗಿ ಏನಾದರೂ ಸಿಗುತ್ತಾ?

ನೀವು ಕೇಳಿರುವುದು ಇಷ್ಟು. ನೀವು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಮಕ್ಕಳನ್ನು ವಿಜ್ಞಾನಿಯೊಬ್ಬರ ಜೊತೆ ವಿಡಿಯೊ ಕಾಲ್‌ನಲ್ಲಿ ಮಾತಾಡಿಸುತ್ತೇವೆ ಎಂದು ಯಾರೋ ಮುಂದೆ ಬಂದಿದ್ದಾರೆ. ಇದರಿಂದ ಉಪಯೋಗ ಇದೆಯೋ, ಇಲ್ಲ ವಾಟ್ಸಾಪ್ ಗುಂಪಿಗೆ ಫೋಟೊ ಹಾಕಲಿಕ್ಕೆ ಮಾತ್ರವೋ ಎಂದು ನಿಮಗೆ ಅನುಮಾನ. ನಮ್ಮ ಮಕ್ಕಳು ಹೊಸಬರ ಮುಂದೆ ಬಾಯಿಯೇ ಬಿಡಲ್ಲ ಎಂದೂ ಬರೆದಿದ್ದೀರಿ. ಯಾವ ತರಗತಿಗೆ, ಯಾವಾಗ ಇಡಬೇಕು ಎಂಬುದು ಕೊನೆಯ ಪ್ರಶ್ನೆ.

ನಾನು ಪರದೆಯ ಆ ಕಡೆ ಕೂರುವವಳು. ಸೊಳ್ಳೆಗಳ ಮೇಲೆ ಕೆಲಸ ಮಾಡುತ್ತೇನೆ, ಅದರಲ್ಲೂ ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ. ಬಿಡುವಾದಾಗ ಶಾಲೆಗಳ ಜೊತೆ ಹೀಗೆ ಮಾತಾಡುತ್ತೇನೆ, ಹೆಚ್ಚಾಗಿ ಕನ್ನಡದಲ್ಲಿ.

ನೇರ ಉತ್ತರ: ಉಪಯೋಗ ಇದೆ. ಆದರೆ ಮಕ್ಕಳು ತಮ್ಮದೇ ಪ್ರಶ್ನೆ ಕೇಳಿದರೆ ಮಾತ್ರ. ನಾನು ಒಂದು ಗಂಟೆ ಪಾಠ ಮಾಡಿ, ಕೊನೆಗೆ ಐದು ನಿಮಿಷ 'ಎನಿ ಡೌಟ್ಸ್?' ಎಂದು ಕೇಳಿ ಮುಗಿಸುವುದಾದರೆ ಅದಕ್ಕೆ ನಾನು ಬೇಕಿಲ್ಲ. ಸೊಳ್ಳೆಯ ಜೀವನಚಕ್ರ ನಿಮ್ಮ ಪುಸ್ತಕದಲ್ಲೇ ಇದೆ. ಯೂಟ್ಯೂಬ್‌ನಲ್ಲಿ ನನಗಿಂತ ಚೆನ್ನಾಗಿ ಹೇಳುವವರೂ ಇದ್ದಾರೆ.

ಒಂದು ಶಾಲೆಯ ಕಥೆ ಹೇಳುತ್ತೇನೆ, ಹೆಸರು ಬೇಡ. ನಲವತ್ತೈದು ನಿಮಿಷದ ಕಾರ್ಯಕ್ರಮ ಎಂದು ಹೇಳಿದ್ದರು. ಮೊದಲು ಪ್ರಾರ್ಥನೆ, ಆಮೇಲೆ ಸ್ವಾಗತ, ನನ್ನ ಪರಿಚಯ (ನಾನು ಪಡೆಯದ ಪ್ರಶಸ್ತಿಯೂ ಅದರಲ್ಲಿತ್ತು), ಆಮೇಲೆ ಅಧ್ಯಕ್ಷರ ನಾಲ್ಕು ಮಾತು. ಮಕ್ಕಳ ಸರದಿ ಬರುವ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಸಮಯ ಹೋಗಿತ್ತು. ಒಬ್ಬೊಬ್ಬರೇ ಎದ್ದು ನಿಂತು ಚೀಟಿ ನೋಡಿ ಓದಿದರು. 'ಸೊಳ್ಳೆಯ ವೈಜ್ಞಾನಿಕ ಹೆಸರೇನು?' 'ಸೊಳ್ಳೆಯಿಂದ ಹರಡುವ ರೋಗಗಳು ಯಾವುವು?' ಪರೀಕ್ಷೆಯ ಪ್ರಶ್ನೆಗಳು. ಉತ್ತರ ಅವರಿಗೆ ಮೊದಲೇ ಗೊತ್ತಿತ್ತು. ನಾನು ಹೇಳಿದ್ದು ಸರಿಯೋ ತಪ್ಪೋ ಎಂದು ಅವರೇ ತಾಳೆ ನೋಡುತ್ತಿದ್ದರು!

ಕೊನೆಗೆ ವಂದನಾರ್ಪಣೆ ಶುರುವಾಗಬೇಕು ಅನ್ನುವಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೂಗಿದ: 'ಮಿಸ್, ಮಳೆ ಹನಿ ಸೊಳ್ಳೆ ಮೇಲೆ ಬಿದ್ದರೆ ಅದು ಸಾಯಲ್ವಾ?' ಎಲ್ಲರೂ ನಕ್ಕರು. ಮೇಷ್ಟ್ರು 'ಏಯ್, ಕೂತ್ಕೊ' ಎಂದು ಗದರಿದರು.

ಅವತ್ತು ನನಗೆ ಸಿಕ್ಕ ನಿಜವಾದ ಪ್ರಶ್ನೆ ಅದೊಂದೇ. ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದವರು ಇದೇ ಪ್ರಶ್ನೆ ಇಟ್ಟುಕೊಂಡು ಪ್ರಯೋಗ ಮಾಡಿ 2012ರಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ. ದೊಡ್ಡ ಮಳೆ ಹನಿ ಸೊಳ್ಳೆಗಿಂತ ಐವತ್ತು ಪಟ್ಟು ತೂಕ ಇರಬಹುದು. ಆದರೂ ಹಾರುತ್ತಿರುವ ಸೊಳ್ಳೆ ಸಾಯುವುದಿಲ್ಲ. ಅದು ಎಷ್ಟು ಹಗುರ ಎಂದರೆ ಹನಿಗೆ ಎದುರು ನಿಲ್ಲುವುದೇ ಇಲ್ಲ. ಹನಿಯ ಜೊತೆಗೇ ಸ್ವಲ್ಪ ಕೆಳಗೆ ಹೋಗಿ, ಆಮೇಲೆ ಪಕ್ಕಕ್ಕೆ ಜಾರಿಕೊಳ್ಳುತ್ತದೆ. ಹನಿ ತನ್ನ ವೇಗ ಕಳೆದುಕೊಳ್ಳುವುದು ತೀರ ಕಡಿಮೆ, ಹಾಗಾಗಿ ಸೊಳ್ಳೆಗೆ ಬೀಳುವ ಪೆಟ್ಟೂ ಕಡಿಮೆ. ಅಪಾಯ ಇರುವುದು ನೆಲಕ್ಕೆ ತೀರ ಹತ್ತಿರ ಹಾರುವಾಗ. ಇದನ್ನು ಹೇಳಿದ ಮೇಲೆ ತರಗತಿಯಲ್ಲಿ ಗದ್ದಲ ಎದ್ದಿತು. ಹಾಗಾದರೆ ಆಲಿಕಲ್ಲು ಬಿದ್ದರೆ? ಎಲೆ ಮೇಲೆ ಕೂತಿದ್ದಾಗ ಬಿದ್ದರೆ? ಇರುವೆಗೆ ಬಿದ್ದರೆ? ಬಾಯಿ ಬಿಡದ ಮಕ್ಕಳು ಎಂದಿರಲ್ಲ, ಅಂಥವರೇ. ವಂದನಾರ್ಪಣೆ ಹಾಗೇ ಮುಗಿಯಿತು, ಯಾರಿಗೂ ಕೇಳಿಸಲಿಲ್ಲ.

ಆದ್ದರಿಂದ ಮೊದಲ ಮಾತು: ಪ್ರಶ್ನೆಗಳನ್ನು ನೀವು ಆರಿಸಬೇಡಿ, ತಿದ್ದಬೇಡಿ. 'ಒಳ್ಳೆಯ ಪ್ರಶ್ನೆ' ಯಾವುದು ಎಂದು ದೊಡ್ಡವರು ತೀರ್ಮಾನಿಸಿದ ತಕ್ಷಣ ಮಕ್ಕಳು ಸುಮ್ಮನಾಗುತ್ತಾರೆ. ನನ್ನ ಸಂಬಳ ಎಷ್ಟು, ಮದುವೆ ಆಗಿದೆಯಾ, ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ಪರ್ಸೆಂಟ್ ಅಂತೆಲ್ಲ ಕೇಳುತ್ತಾರೆ. ಕೇಳಲಿ ಬಿಡಿ. ಹೇಳುವುದು ಬಿಡುವುದು ನನಗೆ ಬಿಟ್ಟದ್ದು. ಸಂಬಳದ ಪ್ರಶ್ನೆಯನ್ನು ನಾನಂತೂ ತಳ್ಳಿಹಾಕುವುದಿಲ್ಲ. ಪಿಎಚ್‌ಡಿ ಮಾಡುವ ಬಹಳ ಜನರಿಗೆ ತಿಂಗಳು ತಿಂಗಳು ಫೆಲೋಶಿಪ್ ಬರುತ್ತದೆ ಅನ್ನುವುದೇ ಎಷ್ಟೋ ಮನೆಗಳಲ್ಲಿ ಗೊತ್ತಿಲ್ಲ. 'ಓದುತ್ತಾ ಇದ್ದರೂ ದುಡ್ಡು ಕೊಡ್ತಾರಾ ಅಕ್ಕ?' ಎಂದು ಒಬ್ಬಳು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಅವಳ ಮಟ್ಟಿಗೆ ಡೆಂಗ್ಯೂಗಿಂತ ಅದೇ ದೊಡ್ಡ ಸುದ್ದಿ.

ವಿಜ್ಞಾನಿಯೊಬ್ಬರು ಪರಿಚಯ ಆಗುವುದು ಯಾಕೆ ಮುಖ್ಯ ಎಂದು ಅಧ್ಯಯನಗಳೂ ಹೇಳುತ್ತವೆ. ಇಂಗ್ಲೆಂಡಿನಲ್ಲಿ ಶಿಕ್ಷಣ ಸಂಶೋಧಕಿ ಲೂಯಿಸ್ ಆರ್ಚರ್ ಮತ್ತು ಅವರ ತಂಡ 2009ರಿಂದ 'ಆಸ್ಪೈರ್ಸ್' ಎಂಬ ಹೆಸರಿನಲ್ಲಿ ಮಕ್ಕಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ್ದಾರೆ. ಬಹಳಷ್ಟು ಮಕ್ಕಳಿಗೆ ವಿಜ್ಞಾನ ಇಷ್ಟ. ಆದರೆ ವಿಜ್ಞಾನಿ ಆಗುವುದು 'ನಮ್ಮಂಥವರಿಗಲ್ಲ' ಅನ್ನುವ ಭಾವನೆ. ಮನೆಯಲ್ಲೋ ಪರಿಚಯದಲ್ಲೋ ವಿಜ್ಞಾನದ ಕೆಲಸ ಮಾಡುವವರು ಇದ್ದಾರೆಯೇ ಅನ್ನುವುದು ಇಲ್ಲಿ ಜಾಸ್ತಿ ಕೆಲಸ ಮಾಡುತ್ತದೆ ಎಂದು ಅವರು ಕಂಡುಕೊಂಡರು. ಇನ್ನೊಂದು ಹಳೆಯ ಪ್ರಯೋಗ ನಿಮಗೆ ಗೊತ್ತಿರಬಹುದು. ಮಕ್ಕಳಿಗೆ 'ಒಬ್ಬ ವಿಜ್ಞಾನಿಯ ಚಿತ್ರ ಬರೆಯಿರಿ' ಎಂದು ಹೇಳುವುದು. ಡೇವಿಡ್ ಚೇಂಬರ್ಸ್ ಎಂಬ ಸಂಶೋಧಕರು 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 4,807 ಮಕ್ಕಳು ಬರೆದಿದ್ದರು. ಅದರಲ್ಲಿ ಹೆಂಗಸಿನ ಚಿತ್ರ ಬರೆದವರು 28 ಮಕ್ಕಳು ಮಾತ್ರ, ಅಷ್ಟೂ ಹುಡುಗಿಯರೇ. ಅಮೆರಿಕದಲ್ಲಿ ಆಮೇಲಿನ ದಶಕಗಳಲ್ಲಿ ಈ ಸಂಖ್ಯೆ ಏರಿದೆ, ಸರಾಸರಿ ನೂರಕ್ಕೆ 28ರಷ್ಟು ಎಂದು 2018ರ ಒಂದು ವಿಶ್ಲೇಷಣೆ ಹೇಳುತ್ತದೆ. ಇದನ್ನು ನಿಮ್ಮ ತರಗತಿಯಲ್ಲೂ ಮಾಡಿ ನೋಡಿ. ಕಾರ್ಯಕ್ರಮದ ಹಿಂದಿನ ವಾರ ಮಾಡಿ, ಏನೂ ವಿವರಣೆ ಕೊಡಬೇಡಿ. ಬಿಳಿ ಕೋಟು, ಕೆದರಿದ ಕೂದಲು, ಹೊಗೆ ಬರುವ ಸೀಸೆ ಎಷ್ಟು ಬರುತ್ತವೆ ಎಣಿಸಿ. ಆ ಚಿತ್ರಗಳ ಫೋಟೊ ವಿಜ್ಞಾನಿಗೆ ಕಳಿಸಿದರೆ ಮಾತು ಎಲ್ಲಿಂದ ಶುರು ಮಾಡಬೇಕು ಎಂದು ಅವರಿಗೇ ಗೊತ್ತಾಗುತ್ತದೆ.

ಹಾಗಂತ ಒಂದು ವಿಡಿಯೊ ಕಾಲ್‌ನಿಂದ ಮಕ್ಕಳ ದಾರಿಯೇ ಬದಲಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಬ್ಬ ವ್ಯಕ್ತಿಯ ಪರಿಚಯ ಆಗುತ್ತದೆ, ಅಷ್ಟೇ. ಅದು ಕಡಿಮೆಯೇನಲ್ಲ.

ಇನ್ನು ಬಾಯಿ ಬಿಡದ ವಿಷಯ. ಇದಕ್ಕೆ ಬ್ರಿಟನ್ನಿನ ಒಂದು ಕಾರ್ಯಕ್ರಮ ಒಳ್ಳೆಯ ಉಪಾಯ ಹುಡುಕಿಕೊಂಡಿದೆ. 'ಐಯಾಮ್ ಎ ಸೈಂಟಿಸ್ಟ್, ಗೆಟ್ ಮಿ ಔಟ್ ಆಫ್ ಹಿಯರ್' ಎಂಬ ಹೆಸರಿನಲ್ಲಿ ಅದು 2008ರಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. ಅಲ್ಲಿ ವಿಡಿಯೊ ಇಲ್ಲ, ಮೈಕೂ ಇಲ್ಲ. ಎಲ್ಲ ಟೈಪ್ ಮಾಡಿಯೇ. ಮಕ್ಕಳು ಒಂದು ಪೀರಿಯಡ್‌ನಲ್ಲಿ ಕೂತು ಪಟಪಟ ಪ್ರಶ್ನೆ ಹಾಕುತ್ತಾರೆ, ವಿಜ್ಞಾನಿಗಳು ಆ ಕಡೆಯಿಂದ ಬೆವರುತ್ತಾ ಉತ್ತರ ಟೈಪ್ ಮಾಡುತ್ತಾರೆ. ಮಜಾ ಏನೆಂದರೆ ಕೊನೆಗೆ ಮಕ್ಕಳೇ ವೋಟು ಹಾಕುತ್ತಾರೆ. ಗೆದ್ದ ವಿಜ್ಞಾನಿಗೆ ವಿಜ್ಞಾನ ಪ್ರಚಾರಕ್ಕೆ ಬಳಸಲು 500 ಪೌಂಡ್ ಬಹುಮಾನ ಇಟ್ಟಿದ್ದರು. ದೊಡ್ಡ ಹುದ್ದೆಯವರು ಎಂದು ಯಾರಿಗೂ ರಿಯಾಯಿತಿ ಇಲ್ಲ. ಅರ್ಥವಾಗದಂತೆ ಬರೆದರೆ ವೋಟಿಲ್ಲ. ನಮ್ಮಲ್ಲೂ ಹೀಗೆ ಮಾಡಿದರೆ ಕೆಲವು ಹಿರಿಯರಿಗೆ ಠೇವಣಿಯೂ ಸಿಗಲಿಕ್ಕಿಲ್ಲ ಎಂದು ನನ್ನ ಅನಿಸಿಕೆ.

ನಿಮ್ಮ ಶಾಲೆಯಲ್ಲಿ ಮಗುವಿಗೊಂದು ಕಂಪ್ಯೂಟರ್ ಎಲ್ಲಿಂದ ಬರಬೇಕು, ಅಲ್ವಾ? ಬೇಕಿಲ್ಲ. ಒಂದು ಡಬ್ಬಿ ಇಡಿ. ಹೆಸರು ಬರೆಯದೆ ಚೀಟಿ ಹಾಕಲಿ. ನಾಲ್ಕು ದಿನ ಮೊದಲೇ ಇಟ್ಟರೆ ಇನ್ನೂ ಒಳ್ಳೆಯದು. ಆವತ್ತು ಒಬ್ಬ ವಿದ್ಯಾರ್ಥಿ ಕೈಹಾಕಿ ತೆಗೆದು ಓದಲಿ, ಬಂದದ್ದು ಬಂದ ಹಾಗೆ. ಓದುವವರು ನೀವಾಗಬೇಡಿ, ನಿಮ್ಮ ಕಣ್ಣು ತಾನಾಗಿ ಆರಿಸಿಬಿಡುತ್ತದೆ. ಮೊದಲ ಹತ್ತು ಚೀಟಿ ಆಗುವಷ್ಟರಲ್ಲಿ ಮಕ್ಕಳು ಕೈ ಎತ್ತಲು ಶುರು ಮಾಡುತ್ತಾರೆ. ಆಮೇಲೆ ಡಬ್ಬಿ ಪಕ್ಕಕ್ಕಿಡಿ.

ತಾಂತ್ರಿಕ ವಿಷಯ ಎರಡೇ ಮಾತು. ಟಿವಿಯ ಸದ್ದು ಮೈಕಿಗೆ ಹೋಗಿ ಕುಂಯ್ ಎನ್ನದಂತೆ, ಕೇಳುವಾಗ ಮಾತ್ರ ಮೈಕ್ ಆನ್ ಮಾಡಿ. ನೆಟ್ ಕೈಕೊಟ್ಟರೆ ಅಂತ ವಿಜ್ಞಾನಿಯ ಫೋನ್ ನಂಬರ್ ನಿಮ್ಮ ಹತ್ತಿರ ಇರಲಿ. ಸ್ಪೀಕರ್‌ಗೆ ಹಾಕಿದರೆ ಕೆಲಸ ನಡೆಯುತ್ತದೆ. ನಂಬರ್ ನಿಮ್ಮ ಹತ್ತಿರ ಮಾತ್ರ, ಮಕ್ಕಳ ಹತ್ತಿರ ಬೇಡ. ಮಕ್ಕಳ ನಂಬರ್ ವಿಜ್ಞಾನಿಯ ಹತ್ತಿರವೂ ಬೇಡ. ಮಾತುಕತೆ ಮುಗಿಯುವವರೆಗೂ ನೀವು ಕೋಣೆಯಲ್ಲೇ ಇರಿ.

ಸಮಯ ಕಡಿಮೆ ಇದ್ದರೆ ಒಳ್ಳೆಯದೇ. ಬಾಹ್ಯಾಕಾಶ ನಿಲ್ದಾಣದಲ್ಲಿ ಇರುವವರ ಜೊತೆ ಶಾಲಾ ಮಕ್ಕಳು ಹ್ಯಾಮ್ ರೇಡಿಯೊದಲ್ಲಿ (ಹವ್ಯಾಸಿಗಳು ಬಳಸುವ ರೇಡಿಯೊ) ಮಾತಾಡುವ ಏರ್ಪಾಡು ಇದೆಯಲ್ಲ, ಅದನ್ನು ನೋಡಿ. ನಿಲ್ದಾಣ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಓಡುತ್ತಿರುತ್ತದೆ. ಒಂದು ಊರಿನ ಆಕಾಶದಲ್ಲಿ ಸಿಗುವುದು ಹತ್ತು ನಿಮಿಷದ ಹತ್ತಿರ. ಆಮೇಲೆ ಯಾರು ಎಷ್ಟು ಕೂಗಿದರೂ ಇಲ್ಲ. ಹಾಗಾಗಿ ಮಕ್ಕಳು ಸಾಲಾಗಿ ನಿಂತು, ಒಂದು ಸಾಲಿನ ಪ್ರಶ್ನೆ ಕೇಳಿ, 'ಓವರ್' ಎಂದು ಹೇಳಿ ಪಕ್ಕಕ್ಕೆ ಸರಿಯುತ್ತಾರೆ. ಸ್ವಾಗತ ಭಾಷಣ ಮಾಡುವಷ್ಟರಲ್ಲಿ ನಿಲ್ದಾಣ ದಾಟಿ ಹೋಗಿರುತ್ತದೆ! 2025ರ ಜುಲೈನಲ್ಲಿ ಶುಭಾಂಶು ಶುಕ್ಲಾ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರಕ್ಕೆ ಹೀಗೇ ರೇಡಿಯೊದಲ್ಲಿ ಸಿಕ್ಕಿ ಮಕ್ಕಳ ಜೊತೆ ಮಾತಾಡಿದರು. ಅವರು ಅಲ್ಲಿ ಮೊಳಕೆ ಬರಿಸಿದ ಹೆಸರುಕಾಳು ಮತ್ತು ಮೆಂತ್ಯದ ಪ್ರಯೋಗ ಧಾರವಾಡದ್ದು, ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಸೇರಿ ಮಾಡಿದ್ದು. ಉತ್ತರ ಕರ್ನಾಟಕದ ಶಾಲೆಗೆ ಗಗನಯಾತ್ರಿಗಿಂತ ಆ ಧಾರವಾಡದ ತಂಡದವರು ಒಬ್ಬರು ಸಿಕ್ಕರೆ ಮಾತು ಇನ್ನೂ ಚೆನ್ನಾಗಿರುತ್ತದೆ. ಮೆಂತ್ಯ ಮೊಳಕೆ ಬರಿಸುವುದು ಮಕ್ಕಳಿಗೂ ಗೊತ್ತಲ್ಲ.

ಯಾರನ್ನು ಕರೆಯಬೇಕು ಅನ್ನುವುದಕ್ಕೂ ಇದೇ ಉತ್ತರ. ಡೈರೆಕ್ಟರ್, ಪದ್ಮ ಪ್ರಶಸ್ತಿ ಬಂದವರು ಬೇಡ. ಅವರು ಬಂದರೆ ಕಾರ್ಯಕ್ರಮ ಸಮಾರಂಭ ಆಗಿಬಿಡುತ್ತದೆ. ಪಿಎಚ್‌ಡಿ ಮಾಡುತ್ತಿರುವವರು, ಆಗತಾನೇ ಮುಗಿಸಿದವರು ಸಿಕ್ಕರೆ ಸಾಕು. ದಿನಾ ಕೈಯಾರೆ ಕೆಲಸ ಮಾಡುವವರು ಅವರೇ. 2017ರಲ್ಲಿ 'ಸ್ಕೈಪ್ ಎ ಸೈಂಟಿಸ್ಟ್' ಶುರು ಮಾಡಿದ ಸಾರಾ ಮೆಕನಲ್ಟಿ ಆಗ ಇನ್ನೂ ಪಿಎಚ್‌ಡಿ ವಿದ್ಯಾರ್ಥಿನಿ, ಸ್ಕ್ವಿಡ್ ಎಂಬ ಕಡಲಜೀವಿಯ ಮೇಲೆ ಕೆಲಸ. ಅದರಲ್ಲಿ ಶಿಕ್ಷಕರು ಹೆಸರು ಕೊಟ್ಟರೆ ತಮ್ಮ ತರಗತಿಗೆ ಹೊಂದುವ ವಿಜ್ಞಾನಿಯನ್ನು ಉಚಿತವಾಗಿ ಜೋಡಿಸುತ್ತಾರೆ. ನಮ್ಮಲ್ಲಿ ಕೊರೊನಾ ಲಾಕ್‌ಡೌನ್ ಹೊತ್ತಿನಲ್ಲಿ, 2020ರಲ್ಲಿ, 'ಟಾಕ್ ಟು ಎ ಸೈಂಟಿಸ್ಟ್' ಶುರುವಾಯಿತು. 6ರಿಂದ 16 ವರ್ಷದ ಮಕ್ಕಳಿಗೆ. ಬೆಂಗಳೂರಿನ ಐಐಎಸ್‌ಸಿ, ಜೀವವಿಜ್ಞಾನದ ಎನ್‌ಸಿಬಿಎಸ್, ನಕ್ಷತ್ರಗಳ ಅಧ್ಯಯನ ನಡೆಸುವ ಭಾರತೀಯ ಖಭೌತ ಸಂಸ್ಥೆಗಳಲ್ಲಿ ಶಾಲೆಗಳ ಜೊತೆ ಕೆಲಸ ಮಾಡುವವರು ಇದ್ದಾರೆ. 'ನಮಗೆ ಕನ್ನಡ ಮಾತಾಡುವವರೇ ಬೇಕು' ಎಂದು ಇಮೇಲ್‌ನ ಮೊದಲ ಸಾಲಲ್ಲೇ ಬರೆಯಿರಿ. ಸಂಕೋಚ ಬೇಡ. ಇಂಗ್ಲಿಷಿನಲ್ಲಿ ನಡೆದರೆ ಇಂಗ್ಲಿಷ್ ಬರುವ ಮೂವರು ಮಾತಾಡುತ್ತಾರೆ, ಉಳಿದವರು ಅವರನ್ನು ನೋಡುತ್ತಾ ಕೂರುತ್ತಾರೆ. ದುಡ್ಡು ಕೇಳುವವರು, 'ನಾಸಾ ವಿಜ್ಞಾನಿ ಪ್ಯಾಕೇಜ್' ಅನ್ನುವವರು ಸಿಕ್ಕರೆ ದೂರ ಇರಿ.

ಬರುವವರಿಗೆ ಒಂದು ಕೋರಿಕೆ ಮುಂಚೆಯೇ ಇಡಿ: ಸ್ಲೈಡ್ ಬೇಡ, ಕೆಲಸದ ಜಾಗ ತೋರಿಸಿ. ನಾನು ಫೋನ್ ಹಿಡಿದುಕೊಂಡು ಸೊಳ್ಳೆ ಸಾಕುವ ಕೋಣೆಗೇ ಹೋಗುತ್ತೇನೆ. ಒಳಗೆ ಬಿಸಿ, ತೇವ, ಎರಡು ನಿಮಿಷಕ್ಕೆ ಕನ್ನಡಕ ಮಂಜಾಗುತ್ತದೆ. ಬಲೆಯ ಪಂಜರದಲ್ಲಿ ಸಕ್ಕರೆ ನೀರಿನಲ್ಲಿ ಅದ್ದಿದ ಹತ್ತಿ ಇರುತ್ತದೆ, ಗಂಡು ಹೆಣ್ಣು ಎರಡಕ್ಕೂ ದಿನನಿತ್ಯದ ಊಟ ಅದೇ. ರಕ್ತ ಬೇಕಾಗುವುದು ಹೆಣ್ಣಿಗೆ ಮಾತ್ರ, ಮೊಟ್ಟೆಗಾಗಿ. ಅದನ್ನು 37 ಡಿಗ್ರಿಗೆ ಬೆಚ್ಚಗೆ ಮಾಡಿ, ಚರ್ಮದ ಬದಲು ತೆಳುವಾಗಿ ಎಳೆದ ಮೇಣದ ಹಾಳೆ ಕಟ್ಟಿ ಕೊಡುತ್ತೇವೆ. ಅದರ ಮೂಲಕ ಚುಚ್ಚಿ ಕುಡಿಯುತ್ತವೆ. ಟ್ರೇಯಲ್ಲಿರುವ ಮರಿಗಳಿಗೆ ಅಕ್ವೇರಿಯಂ ಮೀನಿನ ಆಹಾರ. ಒಣಗಿದ ಕಾಗದದ ಮೇಲೆ ಕರಿ ಎಳ್ಳಿಗಿಂತ ಚಿಕ್ಕ ಚುಕ್ಕೆಗಳಂತೆ ಮೊಟ್ಟೆ ಅಂಟಿರುತ್ತವೆ. ತಿಂಗಳುಗಟ್ಟಲೆ ಹಾಗೇ ಇದ್ದು, ನೀರು ಬಿದ್ದ ಮೇಲೆ ಒಡೆಯುತ್ತವೆ. 'ಡ್ರಮ್ಮನ್ನು ಬರೀ ಖಾಲಿ ಮಾಡಿದರೆ ಸಾಲದು, ಒಳಗೆ ತಿಕ್ಕಬೇಕು' ಎಂದು ಆಶಾ ಕಾರ್ಯಕರ್ತೆಯರು ಯಾಕೆ ಹೇಳುತ್ತಾರೆ ಎಂದು ಆ ಕಾಗದ ನೋಡಿದ ಮೇಲೆ ವಿವರಿಸಬೇಕಾಗಿಲ್ಲ.

'ಸೊಳ್ಳೆ ನಿದ್ದೆ ಮಾಡುತ್ತಾ?' ಎಂದು ಒಂದು ಕಡೆ ಕೇಳಿದರು. ನನಗೆ ಆ ಕ್ಷಣ ಗೊತ್ತಿರಲಿಲ್ಲ, ಹಾಗೇ ಹೇಳಿದೆ. ಮಕ್ಕಳಿಗೆ ಭಾರಿ ಖುಷಿ. ಆಮೇಲೆ ಹುಡುಕಿ ಆಡಿಯೊ ಕಳಿಸಿದೆ: ಮಾಡುತ್ತದೆ. 2022ರ ಒಂದು ಅಧ್ಯಯನದಲ್ಲಿ ನಿದ್ದೆ ಕೆಡಿಸಿದ ಸೊಳ್ಳೆಗಳು ಕಚ್ಚುವುದಕ್ಕಿಂತ ನಿದ್ದೆ ಮಾಡುವುದನ್ನೇ ನೋಡಿಕೊಂಡವು. ನಿಮ್ಮ ಡಬ್ಬಿಯಲ್ಲಿ ಉಳಿದ ಚೀಟಿಗಳನ್ನೂ ಹೀಗೆ ಫೋಟೊ ತೆಗೆದು ಕಳಿಸಿ. ಉತ್ತರ ಬಂದಾಗ ತರಗತಿಯಲ್ಲಿ ಕೇಳಿಸಿ.

ಕೊನೆಯ ಪ್ರಶ್ನೆಗೆ: ಎಂಟು, ಒಂಬತ್ತನೇ ತರಗತಿ ಸರಿ. ಒಂದು ಸಲಕ್ಕೆ ಒಂದೇ ಸೆಕ್ಷನ್, ಇಡೀ ಶಾಲೆಯನ್ನು ಹಾಲ್‌ನಲ್ಲಿ ತುಂಬಬೇಡಿ. ಹತ್ತನೆಯವರಿಗೆ ಮಾಡುವುದಾದರೆ ದಸರಾ ರಜೆಗೆ ಮುಂಚೆ ಮುಗಿಸಿ, ಆಮೇಲೆ ಅವರೂ ನೀವೂ ಪರೀಕ್ಷೆಯ ತಲೆಬಿಸಿಯಲ್ಲಿ ಇರುತ್ತೀರಿ. ಸೊಳ್ಳೆಯೇ ಬೇಕು ಅಂದರೆ ಜುಲೈ, ಆಗಸ್ಟ್‌ನಲ್ಲಿ ಇಡಿ. ಶಾಲೆಯ ಹಿಂದಿನ ಟೈರ್, ತೊಟ್ಟಿ, ತೆಂಗಿನ ಚಿಪ್ಪಿನಲ್ಲಿ ಮರಿಗಳು ಧಾರಾಳ ಸಿಗುತ್ತವೆ. ಒಂದು ಬಾಟಲಿಯಲ್ಲಿ ಹಿಡಿದಿಟ್ಟು, ಬಾಯಿಗೆ ಬಟ್ಟೆ ಕಟ್ಟಿ ಕ್ಯಾಮೆರಾ ಮುಂದೆ ತೋರಿಸಲು ಹೇಳಿ. ಯಾವ ಜಾತಿಯವು ಎಂದು ನೋಡಿ ಹೇಳಲು ಪ್ರಯತ್ನಿಸುತ್ತೇನೆ. ಆಮೇಲೆ ಆ ನೀರನ್ನು ಬಿಸಿಲಲ್ಲಿ ಒಣಗಿದ ನೆಲಕ್ಕೆ ಚೆಲ್ಲಿಬಿಡಿ, ಚರಂಡಿಗೆ ಬೇಡ.