ದೀಕ್ಷಾಸ್ನಾನವಾಗಿ ವರ್ಷಗಳಾದವು, ಮೊದಲಿನ ಉತ್ಸಾಹ ಇಲ್ಲ. ಕೊನೆತನಕ ದೇವರಿಗೆ ನಂಬಿಗಸ್ತರಾಗಿರುವುದು ಹೇಗೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ದೀಕ್ಷಾಸ್ನಾನವಾಗಿ ಕೆಲವು ವರ್ಷ ಆಗಿದೆ, ಭಾನುವಾರದ ಆರಾಧನೆ ತಪ್ಪಿಸಿಲ್ಲ, ಹೇಳಿಕೊಳ್ಳುವಂಥ ದೊಡ್ಡ ಪಾಪವೂ ಇಲ್ಲ. ಆದರೆ ಮೊದಲಿದ್ದ ಉತ್ಸಾಹ ಇಳಿದಿದೆ. ಈಗ ಕೆಲಸಕ್ಕೆಂದು ದುಬೈಗೆ ಹೊರಟಿದ್ದೀರಿ, ಅಲ್ಲಿ ಹಿಂಜಾರಿಬಿಡುತ್ತೇನೋ ಎಂಬ ಭಯ.

ಉತ್ಸಾಹ ಇಳಿದದ್ದಕ್ಕೆ ನಾನಾದರೆ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಅದು ಏರುತ್ತದೆ, ಇಳಿಯುತ್ತದೆ; ಕೀರ್ತನೆಗಳ ತುಂಬ ಅದೇ ಇದೆ. ಮನುಷ್ಯ ಜಾರುವುದು ಸಾಮಾನ್ಯವಾಗಿ ಎಲ್ಲ ಸರಾಗವಾಗಿ ನಡೆಯುತ್ತಿರುವಾಗ. 2 ಪೂರ್ವಕಾಲವೃತ್ತಾಂತದ 14, 15, 16ನೇ ಅಧ್ಯಾಯಗಳನ್ನು ಒಂದೇ ಸಲ ಕೂತು ಓದಿ, ಇಪ್ಪತ್ತು ನಿಮಿಷ ಸಾಕು. ಯೆಹೂದದ ಅರಸ ಆಸನ ಮೇಲೆ ಕೂಷ್ಯನಾದ ಜೆರಹ ಹತ್ತು ಲಕ್ಷ ಸೈನ್ಯ, 300 ರಥ ಕಟ್ಟಿಕೊಂಡು ಬಂದಾಗ ಆಸ ದೇವರಿಗೆ ಮೊರೆಯಿಟ್ಟು ಗೆದ್ದ. ವಿಗ್ರಹ ಮಾಡಿಸಿದ್ದಕ್ಕೆ ರಾಜಮಾತೆ ಮಾಕಳನ್ನೇ ಪಟ್ಟದಿಂದ ಇಳಿಸಿದ. ಆಳ್ವಿಕೆಯ 36ನೇ ವರ್ಷದಲ್ಲಿ ಬಂದದ್ದು ಅದಕ್ಕಿಂತ ಚಿಕ್ಕ ಸಂಕಟ: ಪಕ್ಕದ ಇಸ್ರಾಯೇಲಿನ ಅರಸ ಬಾಷ ಗಡಿಯ ರಾಮಾ ಊರಿಗೆ ಕೋಟೆ ಕಟ್ಟತೊಡಗಿದ. ಈ ಸಲ ಆಸ ಪ್ರಾರ್ಥನೆಗೆ ಕೂರಲಿಲ್ಲ. ದೇವಾಲಯದ ಭಂಡಾರದ ಬೆಳ್ಳಿಬಂಗಾರ ತೆಗೆದು ದಮಸ್ಕದ ಅರಸ ಬೆನ್ಹದದನಿಗೆ ಕಳಿಸಿ, ಇಸ್ರಾಯೇಲಿನ ಮೇಲೆ ದಾಳಿ ಮಾಡಿಸಿದ.

ಆ ಉಪಾಯ ಫಲಿಸಿತು! ಬಾಷ ಕೆಲಸ ಬಿಟ್ಟು ಹೋದ, ಅವನು ತಂದಿಟ್ಟ ಕಲ್ಲು ಮರ ಕೂಡ ಆಸನ ಪಾಲಾದವು. ಅವಿಧೇಯತೆ ಕೂಡಲೇ ಪೆಟ್ಟು ಕೊಡುವುದಿಲ್ಲ, ಎಷ್ಟೋ ಸಲ ಲಾಭವನ್ನೇ ತರುತ್ತದೆ. ಹಾಗಾಗಿ 'ದೇವರು ಆಶೀರ್ವದಿಸಿದ್ದಾರೆ, ಅಂದರೆ ನನ್ನ ದಾರಿ ಸರಿ' ಎಂಬ ಲೆಕ್ಕ ನೆಚ್ಚಿಕೊಳ್ಳುವಂಥದ್ದಲ್ಲ. ದರ್ಶಿ, ಅಂದರೆ ಪ್ರವಾದಿಯಾದ ಹನಾನಿ ಬಂದು ಎಚ್ಚರಿಸಿದಾಗ ಆಸ ಅವನನ್ನು ಸೆರೆಗೆ ಹಾಕಿಸಿದ. ನನ್ನ ದೃಷ್ಟಿಯಲ್ಲಿ ಅವನ ಕಥೆ ತಿರುಗಿದ್ದು ಬೆಳ್ಳಿಬಂಗಾರ ಕಳಿಸಿದಾಗ ಅಲ್ಲ, ಇಲ್ಲಿ. ಅರಸ ದಾವೀದನ ಪಾಪ (ಪರರ ಹೆಂಡತಿಯನ್ನು ಕೂಡಿ ಅವಳ ಗಂಡನನ್ನು ಕೊಲ್ಲಿಸಿದ್ದು) ಇದಕ್ಕಿಂತ ಘೋರ, ಆದರೆ ಪ್ರವಾದಿ ನಾತಾನ ಬೆರಳು ತೋರಿಸಿದಾಗ ಅವನು 'ಪಾಪಮಾಡಿದ್ದೇನೆ' ಎಂದ. ಆಸ ಮೂರು ವರ್ಷದ ನಂತರ ಕಾಲಿನ ರೋಗ ಬಂದಾಗಲೂ ದೇವರ ಕಡೆ ತಿರುಗಲಿಲ್ಲ, ವೈದ್ಯರನ್ನಷ್ಟೇ ನಂಬಿದ. (ಇದನ್ನು ಹಿಡಿದುಕೊಂಡು ಮಾತ್ರೆ ನಿಲ್ಲಿಸಬೇಡಿ. ಪೌಲನ ಜೊತೆಗಿದ್ದ ಲೂಕ ವೈದ್ಯನೇ.)

ಹಾಗಾಗಿ ನಿಮಗೆ ಮೊದಲು ಬೇಕಾದದ್ದು ಬೈಬಲ್ ಓದುವ ಪಟ್ಟಿಯಲ್ಲ, ನಿಮ್ಮ ಮುಖಕ್ಕೆ ಹೇಳಬಲ್ಲ ಒಬ್ಬ ಮನುಷ್ಯ. ಹೊರಡುವ ಮುಂಚೆ ಗೊತ್ತುಮಾಡಿಕೊಳ್ಳಿ: ವಿಶ್ವಾಸದಲ್ಲಿ ನಿಮಗಿಂತ ಹಿರಿಯರು, ನೀವು ಗಂಡಸಾದರೆ ಗಂಡಸು, ಹೆಂಗಸಾದರೆ ಹೆಂಗಸು, ನಿಮ್ಮ ಹಣದ ಹಂಗಿಲ್ಲದವರು. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಫೋನ್. 'ಹೇಗಿದ್ದೀರಿ ಬ್ರದರ್, ಪ್ರೇಯ್ಸ್ ದ ಲಾರ್ಡ್' ಎಂದು ಮುಗಿಸಿದರೆ ಅದರಿಂದ ಏನೂ ಆಗುವುದಿಲ್ಲ. ಕೇಳಬೇಕಾದ ಪ್ರಶ್ನೆಗಳನ್ನು ನೀವೇ ಬರೆದು ಅವರ ಕೈಗೆ ಕೊಡಿ: ದುಡ್ಡಿನಲ್ಲಿ ಸುಳ್ಳು ಲೆಕ್ಕ ಇದೆಯಾ? ರಾತ್ರಿ ಫೋನಿನಲ್ಲಿ ಏನು ನೋಡುತ್ತೀಯಾ? ಯಾರ ಜೊತೆ ಮಾತು ಬಿಟ್ಟಿದ್ದೀಯಾ? ಈಗ ಹೇಳಿದ್ದರಲ್ಲಿ ಏನಾದರೂ ಮುಚ್ಚಿಟ್ಟೆಯಾ? ಕೊನೆಯ ಪ್ರಶ್ನೆ ಬಿಡಬೇಡಿ. ಕಥೋಲಿಕರಿಗೆ ಪಾಪನಿವೇದನೆ ಸಂಸ್ಕಾರ ಇದೆ. ವರ್ಷಕ್ಕೊಮ್ಮೆಯಾದರೂ ಎನ್ನುವುದು ಕನಿಷ್ಠ ನಿಯಮ, ತಿಂಗಳಿಗೊಮ್ಮೆ ಒಳ್ಳೆಯದು.

ಆದರೆ ಆ ಹಿರಿಯರ ಮೇಲೇ ಪೂರ್ತಿ ಒರಗಬೇಡಿ. ಅರಸ ಯೋವಾಷ ಯಾಜಕ ಯೆಹೋಯಾದ ಬದುಕಿರುವ ತನಕ ನೆಟ್ಟಗಿದ್ದ. ಯೆಹೋಯಾದ 130 ವರ್ಷದವನಾಗಿ ತೀರಿಕೊಂಡ ಮೇಲೆ ಹೊಗಳುಭಟರ ಮಾತು ಕೇಳಿ, ಆ ಯಾಜಕನ ಮಗ ಜೆಕರ್ಯನನ್ನೇ ದೇವಾಲಯದ ಅಂಗಳದಲ್ಲಿ ಕಲ್ಲೆಸೆದು ಕೊಲ್ಲಿಸಿದ. ಅಮ್ಮ ಎಬ್ಬಿಸಿದರೆ ಮಾತ್ರ ಪ್ರಾರ್ಥನೆ, ಅಯ್ಯನವರು ನೋಡುತ್ತಾರೆಂದು ಮಾತ್ರ ಆರಾಧನೆ ಎನ್ನುವಂತಿದ್ದರೆ ಅದು ವಿಮಾನ ಹತ್ತಿದ ದಿನವೇ ಗೊತ್ತಾಗುತ್ತದೆ.

ಓದಿನ ವಿಷಯ. ಸತ್ಯವೇದದಲ್ಲಿ ಹಳೆ, ಹೊಸ ಒಡಂಬಡಿಕೆ ಸೇರಿ 1189 ಅಧ್ಯಾಯ (ಪ್ರೊಟೆಸ್ಟೆಂಟರ ಪ್ರತಿಯಲ್ಲಿ). ವರ್ಷಕ್ಕೆ ಮುಗಿಸಲು ದಿನಕ್ಕೆ ಮೂರಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಜನವರಿ 1ಕ್ಕೆ ಶುರು ಮಾಡಿದವರು ಆದಿಕಾಂಡದ 50, ವಿಮೋಚನಕಾಂಡದ 40 ಮುಗಿಸಿ ತಿಂಗಳ ಕೊನೆಗೆ ಯಾಜಕಕಾಂಡಕ್ಕೆ ಕಾಲಿಡುತ್ತಾರೆ, ಅಲ್ಲೇ ಕೂತುಬಿಡುತ್ತಾರೆ. ಕೆಲಸ ಹೊಸದು, ಊರು ಹೊಸದು ಎನ್ನುವ ವರ್ಷಕ್ಕೆ ಹೊಸ ಒಡಂಬಡಿಕೆ ಸಾಕು: 260 ಅಧ್ಯಾಯ, ವಾರಕ್ಕೆ ಐದು ದಿನ ಒಂದೊಂದು, 52 ವಾರಕ್ಕೆ ಸರಿಯಾಗಿ ಮುಗಿಯುತ್ತದೆ. ಉಳಿದೆರಡು ದಿನ ಬಿಟ್ಟುಹೋದದ್ದಕ್ಕೆ. ಓದಿದ ಮೇಲೆ ಒಂದೇ ಸಾಲು ಬರೆಯಿರಿ, ಮಾಡಬೇಕಾದ ಕೆಲಸದ ರೂಪದಲ್ಲಿ, ಹೆಸರು ಮತ್ತು ದಿನ ಹಾಕಿ. 'ಇನ್ನು ಹೆಚ್ಚು ಪ್ರೀತಿಸಬೇಕು' ಎಂದು ಬರೆದರೆ ಏನೂ ನಡೆಯುವುದಿಲ್ಲ. 'ಗುರುವಾರದೊಳಗೆ ಅಣ್ಣನಿಗೆ ಫೋನ್' ಎಂದರೆ ನಡೆಯುತ್ತದೆ. ನಡೆಯಲಿಲ್ಲ ಎಂದರೆ ನಡೆಯಲಿಲ್ಲ ಎಂದಾದರೂ ಗೊತ್ತಾಗುತ್ತದೆ.

ತಪ್ಪನ್ನು ಸರಿಪಡಿಸುವಾಗ ದುಡ್ಡಿಗೆ ಮೋಶೆಯ ಧರ್ಮಶಾಸ್ತ್ರದಲ್ಲೇ ಅಳತೆ ಇದೆ: ಅಸಲು ಮತ್ತು ಅದರ ಐದನೆಯ ಒಂದು ಭಾಗ (ಅರಣ್ಯಕಾಂಡ 5:7). ಸುಳ್ಳು ಬಿಲ್ಲಿನಲ್ಲಿ ತೆಗೆದದ್ದು 10,000 ರೂಪಾಯಿ ಆದರೆ ಹಿಂದಿರುಗಿಸುವುದು 12,000. ಯೇಸುವನ್ನು ಕಂಡ ಸುಂಕದವ ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆ ಎಂದ. ನಿಮಗೆ ಆ ಪ್ರಮಾಣ ಕಡ್ಡಾಯ ಎನ್ನುವುದಿಲ್ಲ, ಆದರೆ ಅಸಲೂ ಕೊಡದೆ ಬರೀ ಕಣ್ಣೀರಿನ ಪ್ರಾರ್ಥನೆ ಮಾಡಿದರೆ ಅದು ಮಾನಸಾಂತರ, ಅಂದರೆ ಪಾಪ ಬಿಟ್ಟು ತಿರುಗುವುದು, ಅಲ್ಲ. ಕ್ಷಮೆ ಕೇಳುವಾಗ ಎರಡು ಕಡೆ ಎಡವುತ್ತಾರೆ. 'ತಪ್ಪಾಯ್ತು, ಆದರೆ ನೀವೂ...' ಎನ್ನುವುದು ಒಂದು. ಮನಸ್ಸಿನಲ್ಲಿ ಮಾತ್ರ ಇದ್ದ ಹಗೆಯನ್ನು ಅದರ ಸುಳಿವೇ ಇಲ್ಲದವರ ಮುಂದೆ ಬಿಚ್ಚಿ ಅವರ ನಿದ್ದೆ ಕೆಡಿಸುವುದು ಇನ್ನೊಂದು. ಪಾಪ ಎಷ್ಟು ಜನರನ್ನು ಮುಟ್ಟಿತೋ ಅಷ್ಟು ಜನರ ಹತ್ತಿರ ಒಪ್ಪಿಕೊಳ್ಳಿ. ದೇವರ ಮುಂದೆ ಮಾತ್ರ ಆದದ್ದು ದೇವರ ಮುಂದೆ.

ಭಕ್ತಿಯ ಹೆಸರಿನಲ್ಲೇ ಅವಿಧೇಯರಾಗುವುದೂ ಉಂಟು. ಮಾರ್ಕ 7ರಲ್ಲಿ ಯೇಸು ಇದನ್ನೇ ಬೈಯುತ್ತಾನೆ: ತಂದೆತಾಯಿಗೆ ಸಲ್ಲಬೇಕಾದದ್ದನ್ನು 'ಕೊರ್ಬಾನ್, ದೇವರಿಗೆ ಮುಡಿಪು' ಎಂದು ತಪ್ಪಿಸಿಕೊಳ್ಳುವುದು. ಸಂಬಳ ಬಂದ ಮೇಲೆ ದಶಮಾಂಶ ತಪ್ಪದೆ ಕೊಟ್ಟು, ಊರಲ್ಲಿ ಅಪ್ಪನ ಔಷಧಿಗೆ ದುಡ್ಡು ಕಳಿಸದೆ ಇರುವುದು ಅದೇ ಜಾತಿಯದು. ಸಂಕಟದಲ್ಲಿ ಹರಕೆ ಹೊರುವುದೂ ಅಷ್ಟೆ. ಹೊತ್ತು ತೀರಿಸದೆ ಇರುವುದಕ್ಕಿಂತ ಹೊರದೆ ಇರುವುದೇ ಲೇಸು ಎಂದು ಪ್ರಸಂಗಿ 5ನೇ ಅಧ್ಯಾಯ ಹೇಳುತ್ತದೆ.

ಒಮ್ಮೆ ಸಿಕ್ಕ ರಕ್ಷಣೆ ಕಳೆದುಹೋಗಬಹುದೇ ಎಂಬ ವಾದಕ್ಕೆ ಈಗ ಇಳಿಯಬೇಡಿ. 1618ರಲ್ಲಿ ನೆದರ್ಲೆಂಡ್ಸ್‌ನ ಡಾರ್ಟ್ ಊರಿನಲ್ಲಿ ಪ್ರೊಟೆಸ್ಟೆಂಟ್ ಮುಖಂಡರು ಸಭೆ ಸೇರಿ ತಿಂಗಳುಗಟ್ಟಲೆ ಚರ್ಚಿಸಿದರು, ಇಂದಿಗೂ ಸಭೆಗಳು ಒಮ್ಮತಕ್ಕೆ ಬಂದಿಲ್ಲ. ನಾಳೆ ಬೆಳಿಗ್ಗೆ ನೀವು ಏನು ಮಾಡಬೇಕು ಎಂಬುದರಲ್ಲಿ ಎರಡು ಕಡೆಯವರಿಗೂ ಜಗಳವಿಲ್ಲ.

ಬಿದ್ದರೆ? ಬೀಳುತ್ತೀರಿ. ಆಗ ಜನ ಮಾಡುವ ದೊಡ್ಡ ತಪ್ಪು, ತಮಗೆ ತಾವೇ ಶಿಕ್ಷೆ ಹಾಕಿಕೊಂಡು ದೂರ ನಿಲ್ಲುವುದು: 'ಇನ್ನು ಮೂರು ತಿಂಗಳು ಕರ್ತನ ಭೋಜನ ತೆಗೆದುಕೊಳ್ಳುವುದಿಲ್ಲ.' 1 ಕೊರಿಂಥ 11:28 ಹೇಳುವುದು ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ, ಕುಡಿಯಲಿ ಎಂದು. ಪರೀಕ್ಷಿಸಿಕೊಂಡು ದೂರ ಉಳಿಯಲಿ ಎಂದಲ್ಲ. ಸಭೆಯೇ ಶಿಸ್ತುಕ್ರಮವಾಗಿ ತಡೆದಿದ್ದರೆ, ಅಥವಾ ನೀವು ಕಥೋಲಿಕರಾಗಿದ್ದು ಮಾರಕ ಪಾಪ ನಿವೇದಿಸುವುದು ಬಾಕಿ ಇದ್ದರೆ ಅದು ಬೇರೆ. ಇಲ್ಲವಾದರೆ ಅದೇ ದಿನ ದೇವರ ಮುಂದೆ ಒಪ್ಪಿಕೊಳ್ಳಿ, ಮಾರನೆಯ ದಿನದೊಳಗೆ ಆ ಹಿರಿಯರಿಗೆ ಹೇಳಿ, ಬರುವ ವಾರ ಆರಾಧನೆಗೆ ಹೋಗಿ. ತಡಮಾಡಿದಷ್ಟೂ ಹೇಳಲು ನಾಚಿಕೆ ಹೆಚ್ಚುತ್ತದೆ.

ಇನ್ನು ದುಬೈ. ನಿಮ್ಮ ಸಭಾಪಾಲಕರಿಂದ ಸದಸ್ಯತ್ವದ ಪತ್ರ ಬರೆಸಿಕೊಂಡೇ ಹೋಗಿ, ಇಲ್ಲದಿದ್ದರೆ ವರ್ಷಗಟ್ಟಲೆ ಅತಿಥಿಯಾಗಿಯೇ ಉಳಿದುಬಿಡುವುದು ಸುಲಭ. ಅಲ್ಲಿ ಊದ್ ಮೇಥಾದಲ್ಲಿ ಹೋಲಿ ಟ್ರಿನಿಟಿ ಚರ್ಚ್, ಕಥೋಲಿಕರ ಸೇಂಟ್ ಮೇರೀಸ್ ಎರಡೂ ಇವೆ. ಹೋಲಿ ಟ್ರಿನಿಟಿಯ ಆವರಣದಲ್ಲಿ ಬೇರೆ ಬೇರೆ ಭಾಷೆಯ ಸಭೆಗಳು ಸೇರುತ್ತವೆ. 2022ರಿಂದ ಅಲ್ಲಿ ವಾರದ ರಜೆ ಶನಿವಾರ, ಭಾನುವಾರಕ್ಕೆ ಬದಲಾಗಿದ್ದರೂ ಖಾಸಗಿ ಕಂಪನಿಗಳ ಶಿಫ್ಟ್ ಬೇರೆ ಇರಬಹುದು. ಆದ್ದರಿಂದ ಡ್ಯೂಟಿ ಪಟ್ಟಿ ಕೈಗೆ ಬಂದ ದಿನವೇ ಆರಾಧನೆಯ ಸಮಯ ಕೇಳಿಕೊಳ್ಳಿ, ಮೊದಲ ವಾರವೇ ಹೋಗಿ. 'ರೂಮು, ಕೆಲಸ ಎಲ್ಲ ಸೆಟ್ಲ್ ಆಗಲಿ, ಆಮೇಲೆ' ಎಂದವರು ಆ ಆಮೇಲೆಯಲ್ಲೇ ಉಳಿದುಬಿಡುತ್ತಾರೆ.