ವಾರದ ಕಿಲೋಮೀಟರ್ ಮತ್ತು ವೇಗದ ಅಭ್ಯಾಸ: ಸ್ಪರ್ಧೆಗೆ ಐದು ವಾರವಿರುವಾಗ

10 ಕಿಲೋಮೀಟರ್ ಸ್ಪರ್ಧೆಗೆ ಸಿದ್ಧರಾಗುತ್ತಿರುವಾಗ ವೇಗ ಏಕೆ ಕುಗ್ಗುತ್ತಿದೆ, ಉಳಿದ ಐದು ವಾರ ಹೇಗೆ ಓಡಬೇಕು ಎಂದು ಕೇಳಿದ್ದೀರಿ. ವಾರದ ಓಟವನ್ನು 45ರಿಂದ 60 ಕಿಲೋಮೀಟರಿಗೆ ಏರಿಸಿದ ತಿಂಗಳಲ್ಲೇ ವಾರಕ್ಕೆ ಎರಡು ದಿನದ ಇಂಟರ್ವಲ್ ಅಭ್ಯಾಸವನ್ನೂ (ನಡುನಡುವೆ ವಿರಾಮ ಕೊಟ್ಟು ವೇಗವಾಗಿ ಓಡುವುದು) ಸೇರಿಸಿಕೊಂಡಿದ್ದೀರಿ. 400 ಮೀಟರಿನ ಸುತ್ತುಗಳು ನಿಧಾನವಾಗುತ್ತಿರುವುದಕ್ಕೂ ಬೆಳಿಗ್ಗೆ ಮೀನಖಂಡ ಬಿಗಿಯುತ್ತಿರುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ. ಎರಡನ್ನೂ ಒಟ್ಟಿಗೆ ಏರಿಸಿದರೆ ಕಾಲು ಚೇತರಿಸಿಕೊಳ್ಳುವುದಿಲ್ಲ.

ಮೊದಲು ಒಂದು ವಾರ 40 ಕಿಲೋಮೀಟರಿಗೆ ಇಳಿದು, ಪೂರ್ಣ ವಾಕ್ಯದಲ್ಲಿ ಮಾತನಾಡಬಲ್ಲಷ್ಟು ನಿಧಾನವಾಗಿ ಮಾತ್ರ ಓಡಿ. ಬಿಗಿತ ಹೋದ ಮೇಲೆ ಮೂರು ವಾರ 50ರ ಆಸುಪಾಸಿನಲ್ಲಿ ನಿಲ್ಲಿ. ಈ ಅಂಕಿ ನಿಮ್ಮ ಹಳೆಯ ಲೆಕ್ಕ ನೋಡಿ ಹೇಳಿದ ಅಂದಾಜು. ನಿದ್ದೆ ಸಾಲದಿದ್ದರೆ 45 ಸಾಕು.

ಆ ಮೂರು ವಾರಗಳಲ್ಲಿ ವೇಗದ ಅಭ್ಯಾಸ ವಾರಕ್ಕೆ ಒಂದೇ ದಿನವಿರಲಿ. ನಿಮ್ಮ ಗುರಿ 10 ಕಿಲೋಮೀಟರಿಗೆ 50 ನಿಮಿಷವಾದ್ದರಿಂದ, ಒಂದೊಂದು ಕಿಲೋಮೀಟರಿನ ಐದು ಓಟಗಳನ್ನು ತಲಾ 5 ನಿಮಿಷದಲ್ಲಿ ಮುಗಿಸಿ, ನಡುವೆ ಎರಡು ನಿಮಿಷ ಮೆಲ್ಲಗೆ ಜಾಗ್ ಮಾಡಿ. 400 ಮೀಟರಿನ ಟ್ರ್ಯಾಕಿನಲ್ಲಿ ಇದು ಸುತ್ತಿಗೆ ಸರಿಯಾಗಿ 2 ನಿಮಿಷ. ಮೊದಲ ಸುತ್ತನ್ನು ಒಂದು ನಿಮಿಷ ಐವತ್ತು ಸೆಕೆಂಡಿಗೇ ಮುಗಿಸಿದರೆ (ಎಲ್ಲರೂ ಮುಗಿಸುತ್ತಾರೆ) ಐದನೆಯ ಓಟದಲ್ಲಿ ಅದರ ಬಡ್ಡಿ ಕಟ್ಟಬೇಕಾಗುತ್ತದೆ. ಇದಾದ ಮೂರು ದಿನಗಳ ನಂತರವೇ 14 ಕಿಲೋಮೀಟರಿನ ದೀರ್ಘ ಓಟ. ಏಪ್ರಿಲ್ ಬಿಸಿಲಾದ್ದರಿಂದ ಅದನ್ನು ಆರು ಗಂಟೆಗೆ ಮೊದಲೇ ಆರಂಭಿಸಿ.

ಕೊನೆಯ ವಾರ ದೂರವನ್ನು ಅರ್ಧಕ್ಕಿಳಿಸಿ, ವೇಗವನ್ನಲ್ಲ: ಸ್ಪರ್ಧೆಗೆ ನಾಲ್ಕು ದಿನ ಮೊದಲು ಅದೇ ವೇಗದಲ್ಲಿ ಒಂದೊಂದು ಕಿಲೋಮೀಟರಿನ ಎರಡು ಓಟಗಳು ಸಾಕು.

ನೋವು ಮೀನಖಂಡದಲ್ಲಿರದೆ, ಮೊಣಕಾಲಿನ ಕೆಳಗೆ ಕಾಲಿನ ಮುಂಭಾಗದ ಮೂಳೆಯ ಒಂದೇ ಬಿಂದುವನ್ನು ಒತ್ತಿದಾಗ ಚುಚ್ಚುವಂತಿದ್ದರೆ ಈ ಯೋಜನೆ ಅನ್ವಯಿಸದು. ಓಟ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ.